ರೆಮಿಟೆನ್ಸ್ ಅಂದರೆ ಏನು? ನೇಪಾಳದ ಮನೆ ಖರ್ಚಿನ ಲೆಕ್ಕ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಪಶ್ಚಿಮ ನೇಪಾಳದವರು. ಸಂಬಳ ಕೈಗೆ ಬಂದ ಮಾರನೇ ದಿನವೇ ಊರಿಗೆ 8,000 ರೂಪಾಯಿ ಕಳಿಸುತ್ತಾರೆ. ಕಮಿಷನ್ ಬಿಟ್ಟು ಲೆಕ್ಕ ಹಾಕಿದರೆ ಅದು ಅಲ್ಲಿ ಅವರ ಹೆಂಡತಿಯ ಕೈಗೆ 12,800 ಆಗಿ ಸಿಗುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ನಮ್ಮ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ. 1993ರಿಂದ ಈ ದರ ಒಂದು ಪೈಸೆಯೂ ಅಲುಗಾಡಿಲ್ಲ.

ಹೀಗೆ ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ದುಡ್ಡೇ ರೆಮಿಟೆನ್ಸ್. ಇದು ಸಾಲ ಅಲ್ಲ, ಯಾರಿಗೂ ತೀರಿಸಬೇಕಾಗಿಲ್ಲ. ನೆರವೂ ಅಲ್ಲ, ಹಿಂದೆ ಷರತ್ತುಗಳಿಲ್ಲ. ಯಾರದೋ ಬೆವರಿನ ಸಂಬಳದಲ್ಲಿ ಉಳಿದ ಪಾಲು, ಅಷ್ಟೆ. ಭಟ್ಕಳ, ಉಡುಪಿ, ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಗಲ್ಫ್ ದುಡ್ಡು’ ಅಂದರೆ ಸಾಕು.

ಆದರೆ ಕೆಲವು ತಾಲ್ಲೂಕು ಗಲ್ಫ್ ದುಡ್ಡಿನ ಮೇಲೆ ನಿಲ್ಲುವುದು ಬೇರೆ, ಇಡೀ ದೇಶವೇ ನಿಲ್ಲುವುದು ಬೇರೆ. ನೇಪಾಳದ ಜಿಡಿಪಿಯ ಜೊತೆ ಹೋಲಿಸಿದರೆ ಅಲ್ಲಿಗೆ ಬರುವ ರೆಮಿಟೆನ್ಸ್ ಅದರ ಸುಮಾರು ಕಾಲು ಭಾಗದಷ್ಟಿದೆ. 2021ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆ ಸುಮಾರು 2.9 ಕೋಟಿ. ಹೊರದೇಶದಲ್ಲಿದ್ದಾರೆ ಅಂತ ಮನೆಯವರು ಬರೆಸಿದವರೇ 21 ಲಕ್ಷಕ್ಕೂ ಜಾಸ್ತಿ. ಭಾರತಕ್ಕೆ ಬರುವವರಿಗೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಬಸ್ ಹತ್ತಿದರೆ ಆಯಿತು. ಅವರು ಹಬ್ಬಕ್ಕೆ ಹೋಗುವಾಗ ಜೇಬಲ್ಲಿ ಒಯ್ಯುವ ದುಡ್ಡು ಯಾವ ಬ್ಯಾಂಕಿನ ಪುಸ್ತಕಕ್ಕೂ ಬರುವುದಿಲ್ಲ.

ಇದು ನಿನ್ನೆ ಮೊನ್ನೆಯ ಕಥೆಯೂ ಅಲ್ಲ. ನೇಪಾಳಿಯಲ್ಲಿ ‘ಲಾಹುರೆ’ ಅಂತ ಒಂದು ಪದವಿದೆ. 200 ವರ್ಷಗಳ ಹಿಂದೆ ಗೂರ್ಖಾ ಹುಡುಗರು ಲಾಹೋರಿಗೆ ಹೋಗಿ ಮಹಾರಾಜ ರಣಜಿತ್ ಸಿಂಗರ ಸೇನೆ ಸೇರುತ್ತಿದ್ದರು. ಲಾಹೋರಿಗೆ ಹೋದವನು ಲಾಹುರೆ. ಆಮೇಲೆ ಬ್ರಿಟಿಷರ ಪಲ್ಟನ್ ಸೇರಿದವನೂ ಲಾಹುರೆ ಆದ. ಈಗ ಕತಾರಿನಲ್ಲಿ ಕಟ್ಟಡ ಕಟ್ಟುವವನೂ, ಮಲೇಷ್ಯಾದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವನೂ ಲಾಹುರೆಯೇ.

ಈ ದುಡ್ಡು ಏನು ಮಾಡಿತು? ಒಳ್ಳೆಯದನ್ನೇ ಮಾಡಿತು, ಅದನ್ನು ಮೊದಲು ಹೇಳಬೇಕು. 1990ರ ದಶಕದ ನಡುವೆ ನೇಪಾಳದಲ್ಲಿ 100ರಲ್ಲಿ 42 ಜನ ಬಡತನದ ರೇಖೆಯ ಕೆಳಗಿದ್ದರು. ಈಗ ಬಡತನದ ರೇಖೆಯನ್ನೇ ಮೊದಲಿಗಿಂತ ಎತ್ತರಕ್ಕೆ ಏರಿಸಿದ್ದಾರೆ. ಆದರೂ ಅದರ ಕೆಳಗಿರುವವರು 100ರಲ್ಲಿ 20ರ ಆಸುಪಾಸಿಗೆ ಇಳಿದಿದ್ದಾರೆ. ಈ ಮಧ್ಯೆ ಹತ್ತು ವರ್ಷ ಅಂತರ್ಯುದ್ಧ ನಡೆಯಿತು, 2015ರಲ್ಲಿ ಭೂಕಂಪ ಆಯಿತು. ಸರ್ಕಾರಗಳು ಬಂದವು, ಬಿದ್ದವು. ಮನೆಗೆ ಬರುವ ದುಡ್ಡು ಮಾತ್ರ ನಿಲ್ಲಲಿಲ್ಲ.

ಇನ್ನು ತೊಡಕಿನ ವಿಷಯ. ದುಡ್ಡು ಬಂತು, ಆದರೆ ಊರಲ್ಲಿ ದುಡಿಯುವ ಕೈ ಇಲ್ಲ. ಗುಡ್ಡದ ಮೆಟ್ಟಿಲು ಗದ್ದೆಗಳು ಪಾಳು ಬಿದ್ದಿವೆ. ಹಾಗಾಗಿ ಅಕ್ಕಿ, ತರಕಾರಿ, ಮೊಬೈಲ್, ಬೈಕ್ ಎಲ್ಲ ಹೊರಗಿಂದ ಬರಬೇಕು. 2023-24ರಲ್ಲಿ ನೇಪಾಳ ರಫ್ತು ಮಾಡಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಆಮದು ಮಾಡಿಕೊಂಡಿತು. ಆ ಆಮದಿನ ಬಿಲ್ ಕಟ್ಟಲು ಮತ್ತೆ ಅದೇ ರೆಮಿಟೆನ್ಸಿನ ಡಾಲರ್ ಬೇಕು.

ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸುವುದು ಇದರ ಮುಂದಿನ ಹೆಜ್ಜೆ. ಸರ್ಕಾರದ ತೆರಿಗೆಯಲ್ಲಿ ದೊಡ್ಡ ಪಾಲು ವಸೂಲಾಗುವುದು ಗಡಿಯ ಕಸ್ಟಮ್ಸ್ ಕಟ್ಟೆಗಳಲ್ಲೇ. ಅಂದರೆ ಹುಡುಗ ದೋಹಾಕ್ಕೆ ಹೋಗಿ ದುಡ್ಡು ಕಳಿಸಬೇಕು, ಅಮ್ಮ ಅದರಲ್ಲಿ ಹೊರಗಿನ ಸಾಮಾನು ಕೊಳ್ಳಬೇಕು, ಆಗ ಸರ್ಕಾರದ ಖಜಾನೆ ತುಂಬುತ್ತದೆ. ಹುಡುಗ ಊರಲ್ಲೇ ಉಳಿದರೆ ಮೊದಲು ಕೈ ಸುಡುವುದು ಖಜಾನೆಗೇ! ಹೀಗಿರುವಾಗ ಹೊರಟವರನ್ನು ತಡೆಯುವ ಅವಸರ ಯಾರಿಗಿರುತ್ತೆ, ಅಲ್ವಾ?

ಹೋಗುವುದಕ್ಕೂ ಖರ್ಚಿದೆ. ಗಲ್ಫ್ ದೇಶಗಳಿಗೂ ಮಲೇಷ್ಯಾಕ್ಕೂ ವೀಸಾ, ಟಿಕೆಟ್ ಎರಡನ್ನೂ ಮಾಲೀಕನೇ ಕೊಡಬೇಕು ಅಂತ 2015ರಲ್ಲಿ ನಿಯಮ ಬಂತು. ಏಜೆಂಟರು ಆಮೇಲೂ ಲಕ್ಷಗಟ್ಟಲೆ ಕೇಳುತ್ತಾರೆ. ಜನ ಬಡ್ಡಿಗೆ ತಂದು ಕೊಡುತ್ತಾರೆ. ಎಷ್ಟೋ ಜನರ ಮೊದಲ ವರ್ಷದ ದುಡಿಮೆ ಆ ಸಾಲಕ್ಕೇ ಹೋಗುತ್ತದೆ. ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣಕ್ಕೆ ಹೊರದೇಶದಲ್ಲಿ ಸತ್ತ ಕಾರ್ಮಿಕರ ಶವಪೆಟ್ಟಿಗೆಗಳೂ ದಿನಕ್ಕೆ ಸರಾಸರಿ ಮೂರ್ನಾಲ್ಕು ಬರುತ್ತವೆ.

ಹಾಗಾದರೆ ಬೇರೆ ದಾರಿ ಇಲ್ಲವೇ? ಇದೆ, ನೀರು. 2016ರವರೆಗೂ ಕಠ್ಮಂಡುವಿನಲ್ಲಿ ದಿನಕ್ಕೆ ಹತ್ತಾರು ಗಂಟೆ ಕರೆಂಟ್ ಇರುತ್ತಿರಲಿಲ್ಲ. 2021ರಲ್ಲಿ 456 ಮೆಗಾವಾಟಿನ ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಯೋಜನೆ ಶುರುವಾಯಿತು. ಈಗ ಮಳೆಗಾಲದಲ್ಲಿ ಮಿಕ್ಕ ಕರೆಂಟನ್ನು ಭಾರತಕ್ಕೆ ಮಾರುತ್ತಾರೆ. 10 ವರ್ಷದಲ್ಲಿ 10,000 ಮೆಗಾವಾಟ್ ಕೊಳ್ಳುವ ಒಪ್ಪಂದಕ್ಕೆ 2024ರ ಜನವರಿಯಲ್ಲಿ ಎರಡೂ ದೇಶ ಸಹಿ ಹಾಕಿದವು. ಚಳಿಗಾಲದಲ್ಲಿ ನದಿ ಬತ್ತಿದಾಗ ನೇಪಾಳವೇ ನಮ್ಮಿಂದ ಕೊಳ್ಳಬೇಕು, ಅದು ಬೇರೆ ಮಾತು. ಕರೆಂಟ್ ಮಾರಿದರೆ ದೇಶಕ್ಕೆ ದುಡ್ಡು ಬರುತ್ತದೆ, ನಿಜ. ಆದರೆ ಅಣೆಕಟ್ಟೆ ಕಟ್ಟಿ ಮುಗಿದ ಮೇಲೆ ವಿದ್ಯುತ್ ಕೇಂದ್ರದಲ್ಲಿ ಬೇಕಾಗುವುದು ಕೆಲವೇ ಜನ. ಆ ಕರೆಂಟಿನಿಂದ ಊರಲ್ಲೇ ಕಾರ್ಖಾನೆ ನಡೆದರೆ ಮಾತ್ರ ಹುಡುಗರಿಗೆ ಕೆಲಸ.

ಇದನ್ನೆಲ್ಲ ಒಂದು ಸಂಜೆ ಗೇಟಿನ ಹತ್ತಿರ ನಮ್ಮ ವಾಚ್‌ಮನ್ ಜೊತೆ ಸುಮ್ನೆ ಮಾತಾಡುತ್ತಿದ್ದೆ. ಊರಲ್ಲಿ ಈಗ ಕರೆಂಟ್ ಚೆನ್ನಾಗಿದೆಯಂತೆ. ಮಗ ರಾತ್ರಿ ಹೊತ್ತು ಆರಾಮಾಗಿ ಓದುತ್ತಾನಂತೆ. ಏನು ಓದುತ್ತಾನೆ ಅಂದೆ. ‘ಕೊರಿಯನ್ ಭಾಷೆ, ಸಾಬ್. ಪರೀಕ್ಷೆ ಪಾಸಾದರೆ ಕೊರಿಯಾದಲ್ಲಿ ಕೆಲಸ ಸಿಗುತ್ತೆ’ ಅಂದರು.