ಹುಳಿ ಮಣ್ಣು, ನಸುಗೆಂಪು ಗಂಟು

ಮಡಿಕೇರಿಯ ನಮ್ಮ ಹಿತ್ತಲಲ್ಲಿ ಮೊದಲ ಸಲ ಬೀನ್ಸ್ ಬಿತ್ತಿದ್ದು ಜೂನ್‌ನಲ್ಲಿ. ಮಳೆ ಬಂತಲ್ಲ, ಇನ್ನು ನೀರು ಹಾಕುವ ಕೆಲಸ ಇಲ್ಲ ಅಂದುಕೊಂಡಿದ್ದೆ. ಅರ್ಧ ಬೀಜ ಮಣ್ಣಲ್ಲೇ ಕೊಳೆಯಿತು. ಬದುಕಿದ ಗಿಡಗಳು ಗೇಣುದ್ದಕ್ಕೇ ನಿಂತು ಹಳದಿಯಾದವು. ಇನ್ನೊಂದು ಬುಟ್ಟಿ ಹಟ್ಟಿಗೊಬ್ಬರ ಸುರಿದೆ. ಆದರೂ ಗಿಡ ಏಳಲಿಲ್ಲ. ಪಕ್ಕದ ತೋಟದ ಅಜ್ಜ ಬೇಲಿಯಾಚೆಯಿಂದ ನೋಡಿ ಕೇಳಿದರು: "ಕಾಫಿಗೆ ಸುಣ್ಣ ಹಾಕಿಸ್ತೀರಿ, ತರಕಾರಿಗೆ ಬೇಡ್ವಾ?"

ಕೊಡಗಿನಲ್ಲಿ ಕೈತೋಟ ಶುರು ಮಾಡುವವರಿಗೆ ನಾನೂ ಮೊದಲು ಇದನ್ನೇ ಹೇಳುತ್ತೇನೆ. ಬೀಜ ತರುವ ಮುಂಚೆ ಮಣ್ಣಿನ ಹುಳಿ ಎಷ್ಟಿದೆ ನೋಡಿ.

ಈ ಹುಳಿಗೆ ದೊಡ್ಡ ಕಾರಣ ನಮ್ಮ ಮಳೆಯೇ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹನಿಯಲ್ಲಿ ಕರಗುವುದರಿಂದ ಶುದ್ಧ ಮಳೆನೀರೂ ಸ್ವಲ್ಪ ಹುಳಿ. ಹುಳಿ ಅಳೆಯುವ ಅಂಕೆಗೆ ಪಿಎಚ್ ಅನ್ನುತ್ತಾರೆ, ಮಳೆನೀರಿನದು ಸುಮಾರು 5.6. ಮಣ್ಣಿನ ಜೇಡಿಕಣಗಳಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಟಿಕೊಂಡಿರುತ್ತವೆ. ನೀರಿಗೆ ಹುಳಿ ಕೊಡುವ ಹೈಡ್ರೋಜನ್ ಅಯಾನುಗಳು ಅವನ್ನು ಎಬ್ಬಿಸಿ ತಾವು ಆ ಜಾಗದಲ್ಲಿ ಕೂರುತ್ತವೆ. ಎದ್ದ ಕ್ಯಾಲ್ಸಿಯಂ ನೀರಿನ ಜೊತೆ ಇಳಿದು ಹೊಳೆ ಸೇರುತ್ತದೆ. ಭಾಗಮಂಡಲ, ಮಡಿಕೇರಿ ಕಡೆಯ ಮಳೆಗಾಲ ಗೊತ್ತಲ್ಲ! ಸಾವಿರಾರು ವರ್ಷದಿಂದ ಹೀಗೇ ತೊಳೆಯುತ್ತಿದೆ. ಕುಶಾಲನಗರದ ಕಡೆ ಮಳೆ ತೀರಾ ಕಡಿಮೆ, ಹಾಗಾಗಿ ತೊಳೆದುಹೋಗುವುದೂ ಕಡಿಮೆ.

ಪಿಎಚ್ ಒಂದು ಅಂಕೆ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಹೆಚ್ಚಿನ ತರಕಾರಿಗೆ 6ರಿಂದ 7ರ ನಡುವೆ ಇದ್ದರೆ ಹಿತ. 5.5ಕ್ಕಿಂತ ಕೆಳಗೆ ಹೋದರೆ ಮಣ್ಣಿನಲ್ಲಿ ಸುಮ್ಮನಿದ್ದ ಅಲ್ಯೂಮಿನಿಯಂ ಕರಗಲು ಶುರುವಾಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ರಂಜಕವನ್ನೂ ಗಿಡಕ್ಕೆ ಸಿಗದ ಹಾಗೆ ಹಿಡಿದಿಡುತ್ತದೆ. ಬೇರೇ ಮೊಂಡಾದರೆ ಗೊಬ್ಬರ ಉಣ್ಣುವುದು ಯಾವುದರಿಂದ?

ಈ ಹುಳಿ ಇಳಿಸುವುದು ಸುಣ್ಣ. ಮಣ್ಣು ಪರೀಕ್ಷೆ ಮಾಡಿಸಿದರೆ ಅದು ಎಷ್ಟು ಬೇಕು ಅಂತ ತಿಳಿಯುತ್ತದೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಗೋಡೆಗೆ ಬಳಿಯುವ ಸುಣ್ಣ ಖಾರ ಜಾಸ್ತಿ. ಕೃಷಿ ಸುಣ್ಣ ಅಂತಲೇ ಕೇಳಿ ತನ್ನಿ, ಅದು ಸುಣ್ಣಕಲ್ಲಿನ ಪುಡಿ. ನಿಧಾನವಾಗಿ ಕರಗುತ್ತದೆ, ಬಿತ್ತನೆಗೆ ಕೆಲವು ವಾರ ಮೊದಲೇ ಮಣ್ಣಿಗೆ ಬೆರೆಸಬೇಕು. ಹಸಿ ಗೊಬ್ಬರದ ಜೊತೆಗೇ ಹಾಕಬೇಡಿ. ಸಾರಜನಕ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ, ವಾಸನೆಯಲ್ಲೇ ಗೊತ್ತಾಗುತ್ತದೆ.

ಬಿತ್ತಲು ನಾನು ಕಾಯುವುದು ಅಕ್ಟೋಬರ್ ಮಧ್ಯದ ಕಾವೇರಿ ತೀರ್ಥಕ್ಕೆ. ಅಷ್ಟೊತ್ತಿಗೆ ಮಳೆಯ ಜೋರು ಇಳಿದಿರುತ್ತದೆ, ಮಣ್ಣಲ್ಲಿ ತೇವ ಇನ್ನೂ ಇರುತ್ತದೆ. ಮೊದಲ ವರ್ಷಕ್ಕೆ ಎರಡೇ ಏರುಮಡಿ ಸಾಕು: ಒಂದರಲ್ಲಿ ಪೊದೆ ಬೀನ್ಸ್, ಇನ್ನೊಂದರಲ್ಲಿ ಹರಿವೆ, ಮೂಲಂಗಿ. ಹರಿವೆ ತಿಂಗಳೊಳಗೆ ಸಾರಿಗೆ ಬರುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ಮರದ ನೆರಳು ಬೀಳುವ ಜಾಗ ಬೇಡ, ಬೀನ್ಸ್‌ಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು.

ಹೂ ಬರುವ ಹೊತ್ತಿಗೆ ಒಂದು ಬೀನ್ಸ್ ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎತ್ತಿ, ಬೇರನ್ನು ನೀರಲ್ಲಿ ಅದ್ದಿ ತೊಳೆಯಿರಿ. ಸಾಸಿವೆಯಷ್ಟು ದೊಡ್ಡ ಗಂಟುಗಳು ಕಾಣುತ್ತವೆ. ರೈಜೋಬಿಯಂ ಬ್ಯಾಕ್ಟೀರಿಯಾಗಳ ಮನೆ ಅದು. ಗಾಳಿಯ ಸಾರಜನಕವನ್ನು ಗಿಡ ಉಣ್ಣುವ ರೂಪಕ್ಕೆ ತರುವುದು ಅವೇ. ಹುಳಿ ಜಾಸ್ತಿಯಾದರೆ ಅವು ಬೇರಿನಲ್ಲಿ ನೆಲೆಯೂರಲು ಒದ್ದಾಡುತ್ತವೆ. ನನ್ನ ಮೊದಲ ಗಿಡಗಳು ಹಳದಿಯಾಗಿದ್ದಕ್ಕೆ ಇದೂ ಕಾರಣ ಇರಬೇಕು. ಅವುಗಳ ಬೇರಲ್ಲಿ ಗಂಟೇ ಇರಲಿಲ್ಲ.

ಸುಣ್ಣ ಹಾಕಿದ ವರ್ಷ ಒಂದು ಗಂಟನ್ನು ಉಗುರಿನಿಂದ ಸೀಳಿದೆ. ಒಳಗೆ ನಸುಗೆಂಪು! ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟ, ಲೆಗ್‌ಹಿಮೋಗ್ಲೋಬಿನ್ ಕೊಡುವ ಬಣ್ಣ ಅದು. ಆಮ್ಲಜನಕ ಜಾಸ್ತಿಯಾದರೆ ಬ್ಯಾಕ್ಟೀರಿಯಾದ ಕೆಲಸ ಕೆಡುತ್ತದೆ, ಅದಕ್ಕೇ ಇದು ಆಮ್ಲಜನಕವನ್ನು ಹಿಡಿದು ಅಳೆದು ಕೊಡುತ್ತದೆ. ಗಂಟು ಒಳಗೆ ಬೆಳ್ಳಗೋ ಹಸಿರೋ ಇದ್ದರೆ ಅಲ್ಲಿ ಕೆಲಸ ನಡೆಯುತ್ತಿಲ್ಲ ಅಂತ. ಸೀಳಿದ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಬೇಲಿ ಹತ್ತಿರ ಅಜ್ಜನಿಗೆ ತೋರಿಸಿದೆ. ಕನ್ನಡಕ ಏರಿಸಿ, ಬಗ್ಗಿ, ತುಂಬ ಹೊತ್ತು ನೋಡಿದರು.