ಸೀಲ್ ಕಾಣ್ತಾ ಇಲ್ಲ

ಸಾಗರದ ನಮ್ಮ ದೊಡ್ಡಪ್ಪನ ಮನೆ ಜಗಲಿಯಲ್ಲಿ, ದೇವರ ಪಟಗಳ ಸಾಲಿನಲ್ಲೇ, ಒಂದು ಸರ್ಕಾರಿ ಕಾಗದಕ್ಕೂ ಕಟ್ಟು ಹಾಕಿಸಿ ತೂಗುಹಾಕಿದ್ದರು. ಮುಳುಗಡೆ ಕಾಲದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಏರಿತು. ಮನೆ, ಗದ್ದೆ, ತೋಟ ಬಿಟ್ಟು ಬಂದವರ ಕೈಯಲ್ಲಿ ಉಳಿದದ್ದು ಇಂಥ ಕಾಗದಗಳು. ಹೋದ ವರ್ಷ ಜಮೀನಿನ ದಾಖಲೆಗೆಂದು ಅದನ್ನು ಗೋಡೆಯಿಂದ ಇಳಿಸಿ ಒಂದು ಕಚೇರಿಗೆ ಒಯ್ದೆವು. ಗುಮಾಸ್ತರು ಬೆಳಕಿಗೆ ಹಿಡಿದು ನೋಡಿದರು. "ಬರಹ ಇದೆ, ಸೀಲ್ ಕಾಣ್ತಾ ಇಲ್ಲ. ಒರಿಜಿನಲ್ ಅಂತ ಹೇಗೆ ನಂಬೋದು?"

ನನಗೆ ರೇಗಿತು. ಸೀಲ್ ಮಾಸಿದರೆ ಕಾಗದ ಖೋಟಾ ಅನ್ನೋದು ಕೂಡ ಒಂದು ಮೂಢನಂಬಿಕೆಯೇ. ಅರವತ್ತು ವರ್ಷ ಬೆಳಕು ತಿಂದ ನೇರಳೆ ಸೀಲ್ ನಿನ್ನೆ ಒತ್ತಿದ ಹಾಗೆ ಹೊಳೆಯುತ್ತಿದ್ದರೆ ಆಗ ಅನುಮಾನ ಪಡಬೇಕು!

ಬರಹ ಉಳಿದದ್ದು ಕಬ್ಬಿಣದ ದೆಸೆಯಿಂದ. ಅಡಿಕೆ ಸುಲಿಯುವವರ ಬೆರಳು ಕಪ್ಪಾಗುವುದನ್ನು, ಬಾಳೆಕಾಯಿ ಹೆಚ್ಚಿದ ಕತ್ತಿಯ ಅಲಗು ಕಪ್ಪಾಗುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಹಳೇ ಶಾಯಿಯೂ ಅದೇ ಜಾತಿ. ಅಳಲೆಕಾಯಿಯ ಚೊಗರಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಒಂದು ಲವಣ, ಬೆರೆಸಿದರೆ ಶಾಯಿ. ಬರೆಯುವಾಗ ತೆಳು, ಗಾಳಿ ತಾಗಿದಂತೆ ಕಪ್ಪು. ನಂತರ ಬಂದ ಬ್ಲೂ-ಬ್ಲ್ಯಾಕ್ ಶಾಯಿಯಲ್ಲಿ ನೀಲಿ ಇರುತ್ತಿದ್ದದ್ದು ಬರೆಯುವಾಗ ಕಣ್ಣಿಗೆ ಕಾಣಲಿ ಅಂತ ಮಾತ್ರ. ನೀಲಿ ಹೋದರೂ ಕಬ್ಬಿಣ ಕಾಗದದ ನಾರಿನೊಳಗೆ ಕೂತಿರುತ್ತದೆ.

ಸೀಲಿನ ನೇರಳೆ ಬೇರೆ ಕುಲ. ಚಿಕ್ಕವರಿದ್ದಾಗ ಬಾಯಿ ಹುಣ್ಣಿಗೆ ಬಳಿಯುತ್ತಿದ್ದ ಜಿ.ವಿ. ಪೇಂಟ್ ನೆನಪಿದೆಯಾ? ಹೆಚ್ಚುಕಡಿಮೆ ಅದೇ ಬಣ್ಣ. ಹೆಸರು ಕ್ರಿಸ್ಟಲ್ ವಯೊಲೆಟ್. ಇದರ ಅಣು ನೋಡಲು ಮೂರು ರೆಕ್ಕೆಯ ಫ್ಯಾನಿನ ಹಾಗೆ. ನಡುವೆ ಒಂದು ಇಂಗಾಲ, ಸುತ್ತ ಮೂರು ಉಂಗುರ, ಪ್ರತಿ ಉಂಗುರದ ತುದಿಗೆ ಸಾರಜನಕ. ಎಲೆಕ್ಟ್ರಾನುಗಳು ಯಾವ ರೆಕ್ಕೆಗೂ ಅಂಟಿಕೊಳ್ಳದೆ ಮೂರರಲ್ಲೂ ಓಡಾಡುತ್ತವೆ. ಹಬ್ಬದ ದಿನ ಜಗಲಿ, ನಡುಮನೆ, ಅಡುಗೆಮನೆ ಒಂದೇ ಮಾಡಿಕೊಂಡು ಓಡುವ ಮಕ್ಕಳ ಹಾಗೆ. ಆ ಉದ್ದದ ಓಟಕ್ಕೆ ಸರಿಹೊಂದುವುದು ಹಳದಿ ಬೆಳಕು. ಅಣು ಅದನ್ನು ನುಂಗುತ್ತದೆ, ಉಳಿದದ್ದು ನಮಗೆ ನೇರಳೆಯಾಗಿ ಕಾಣುತ್ತದೆ. ಬಿಸಿಲು ಮತ್ತು ಆಮ್ಲಜನಕ ಸೇರಿ ಅಣುವನ್ನು ಅಲ್ಲಲ್ಲಿ ಮುರಿಯುತ್ತವೆ. ನಡುಮನೆಯ ಬಾಗಿಲು ಹಾಕಿದ ಹಾಗೆ! ಮಕ್ಕಳು ಒಳಗೇ ಇದ್ದಾರೆ, ಓಟ ನಿಂತಿದೆ. ಬಣ್ಣ ಹೋದರೂ ಅಣುವಿನ ಚೂರುಗಳು ಕಾಗದದಲ್ಲಿ ಉಳಿಯಬಹುದು. ಕಣ್ಣಿಗೆ ಕಾಣದ ಇಂಥ ಗುರುತು ಕೆಲವೊಮ್ಮೆ ನೇರಳಾತೀತ ದೀಪದಡಿ ಎದ್ದು ಬರುತ್ತದೆ. ಆದರೆ ಆ ಕಚೇರಿಯಲ್ಲಿ ಟ್ಯೂಬ್‌ಲೈಟೇ ಮಿಣಿಮಿಣಿ ಅನ್ನುತ್ತಿತ್ತು, ಬಿಡಿ.

ಅಲ್ಲಾ, ಕಾಗದದಲ್ಲಿ ಎಲ್ಲಕ್ಕಿಂತ ಬೇಗ ಮಾಸುವ ಬಣ್ಣಕ್ಕೇ ಎಲ್ಲಕ್ಕಿಂತ ಜಾಸ್ತಿ ಅಧಿಕಾರ ಕೊಟ್ಟಿದ್ದೇವಲ್ಲ!

ಇದನ್ನು ಚೆನ್ನಾಗಿ ಹಿಡಿದವನು ಚಿತ್ರಕಾರ ಸಾಲ್ ಸ್ಟೈನ್‌ಬರ್ಗ್. ರೊಮೇನಿಯಾದ ಯಹೂದಿ. 1941ರಲ್ಲಿ ಇಟಲಿಯಿಂದ ಪಾರಾಗುವಾಗ ತನ್ನ ಪಾಸ್‌ಪೋರ್ಟಿಗೆ ತಾನೇ ಮಾಡಿಕೊಂಡ ರಬ್ಬರ್ ಸ್ಟ್ಯಾಂಪ್ ಒತ್ತಿಕೊಂಡಿದ್ದನಂತೆ. ಅಮೆರಿಕ ಸೇರಿದ ಮೇಲೆ ಓದಲಾಗದ ಕೈಬರಹದ ಸರ್ಟಿಫಿಕೇಟುಗಳನ್ನು, ಸುಳ್ಳು ಪಾಸ್‌ಪೋರ್ಟುಗಳನ್ನು ಕಲೆಯಾಗಿ ರಚಿಸಿದ. ಅವನ ಕೆಲವು ಚಿತ್ರಗಳಲ್ಲಿ ಬಯಲಿನ ಮೇಲೆ ಸೂರ್ಯನ ಜಾಗದಲ್ಲಿ ಗುಂಡನೆಯ ಸೀಲು! ಅದಕ್ಕೂ ಮೊದಲು, 1922ರಲ್ಲಿ, ದೇಶವಿಲ್ಲದ ರಷ್ಯನ್ ನಿರಾಶ್ರಿತರಿಗೆ ಗಡಿ ದಾಟಲು ನ್ಯಾನ್ಸೆನ್ ಪಾಸ್‌ಪೋರ್ಟ್ ಎಂಬ ಗುರುತಿನ ಕಾಗದ ಬಂದಿತ್ತು. ಬಣ್ಣಗಳಿಗೇ ಹೆಸರಾದ ಚಿತ್ರಕಾರ ಶಗಾಲ್ ಕೂಡ ಅದನ್ನು ಹಿಡಿದು ಓಡಾಡಿದವನು. ಹೆಸರಿನ ಹಿಂದಿದ್ದ, ನಿರಾಶ್ರಿತರ ಹೊಣೆ ಹೊತ್ತಿದ್ದ ನಾರ್ವೆಯ ನ್ಯಾನ್ಸೆನ್ ಮೊದಲು ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ವಿಜ್ಞಾನಿ ಅನ್ನೋದು ನನಗೆ ಸುಮ್ನೆ ಖುಷಿ ಕೊಡುವ ವಿಷಯ.

ನಮ್ಮ ಮುಳುಗಡೆಯವರು ಕಾನೂನಿನ ಲೆಕ್ಕದಲ್ಲಿ ನಿರಾಶ್ರಿತರಲ್ಲ, ಸಂತ್ರಸ್ತರು. ಪದ ಬೇರೆ, ಕೌಂಟರಿನ ಮುಂದೆ ನಿಲ್ಲುವ ರೀತಿ ಒಂದೇ.

ಕೊನೆಗೆ ಗುಮಾಸ್ತರು ಅರ್ಜಿ ತೆಗೆದುಕೊಂಡರು. ಸ್ವೀಕೃತಿ ಚೀಟಿಯ ಮೇಲೆ ಠಪ್ ಅಂತ ಸೀಲ್ ಬಿತ್ತು, ಅಪ್ಪಟ ನೇರಳೆ. ದೊಡ್ಡಪ್ಪ ಅದನ್ನು ಉಫ್ ಉಫ್ ಎಂದು ಊದಿ ಒಣಗಿಸಿಕೊಂಡು ಹೊರಗೆ ಬಂದರು. ಮೆಟ್ಟಿಲಿಳಿಯುತ್ತಾ ಕೇಳಿದರು: "ಇದಕ್ಕೂ ಕಟ್ಟು ಹಾಕ್ಸೋದಾ ಮಾರಾಯಾ?"