ಪೆನೆಟ್ರೇಟಿಂಗ್ ಆಯಿಲ್: ಜಂಗು ತಿನ್ನುವ ಎಣ್ಣೆ ಅಲ್ಲ, ನುಸುಳುವ ಎಣ್ಣೆ

ಗೋವಾದ ವಾಸ್ಕೋದ ಹಾರ್ಡ್‌ವೇರ್ ಅಂಗಡಿಗಳಲ್ಲಿ ನಮ್ಮ ಕಡೆಯವರು ಕೇಳುವುದೇ ಹೀಗೆ: "ಅಣ್ಣಾ, ಜಂಗು ತಿನ್ನೋ ಎಣ್ಣಿ ಕೊಡ್ರಿ." ಜಂಗು ಅಂದರೆ ತುಕ್ಕು. ಅಂಗಡಿಯವರು ಒಂದು ಸ್ಪ್ರೇ ಡಬ್ಬಿ ಕೊಡುತ್ತಾರೆ. ಮನೆಗೆ ಬಂದು ಬೋಲ್ಟಿನ ಮೇಲೆ ಪುಸ್ ಪುಸ್ ಅಂತ ಹೊಡೆದು, ಕೂಡಲೇ ಪಾನಾ (ಸ್ಪ್ಯಾನರ್) ಹಾಕಿ ಜಗ್ಗುತ್ತಾರೆ. ಬೋಲ್ಟಿನ ತಲೆ ಗುಂಡಗಾಗುತ್ತದೆ. ಬೈಗುಳ ಎಣ್ಣೆಗೆ. ಈಗ ವಿಡಿಯೋ ಮಾಡುವವರೂ "ಇದು ತುಕ್ಕನ್ನು ಕರಗಿಸುತ್ತದೆ" ಅಂತ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಜಾಮ್ ಆದ ಬೋಲ್ಟು ಬಿಡಿಸಲು ಹಾಕುವ ಈ ಪೆನೆಟ್ರೇಟಿಂಗ್ ಆಯಿಲ್ ಅನ್ನುವ ಪದವನ್ನು ಒಮ್ಮೆ ಸರಿಯಾಗಿ ನೋಡೋಣ.

ಪೆನೆಟ್ರೇಟಿಂಗ್ ಆಯಿಲ್ ತುಕ್ಕನ್ನು ಕರಗಿಸುವುದಿಲ್ಲ. ತುಕ್ಕು ಕರಗಿಸುವುದು ಆಸಿಡ್ಡಿನ ಕೆಲಸ. ಫಾಸ್ಫಾರಿಕ್ ಆಸಿಡ್ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ. ಸಿಟ್ರಿಕ್ ಮತ್ತು ಆಕ್ಸಾಲಿಕ್ ಆಸಿಡ್ ಅದನ್ನು ನೀರಿಗೆ ಬಿಡಿಸಿಕೊಳ್ಳುತ್ತವೆ. ಇವಕ್ಕೆ ರಸ್ಟ್ ರಿಮೂವರ್ ಅನ್ನುವ ಹೆಸರು ಸರಿ. ಬಿಚ್ಚಿದ ಬಿಡಿ ಭಾಗವನ್ನು ಅದರಲ್ಲಿ ಮುಳುಗಿಸಿ ಇಡಬಹುದು. ಆದರೆ ಜಾಮ್ ಆಗಿ ಕೂತ ನಟ್ಟಿನ ಒಳಗೆ ಈ ನೀರಿನಂಥ ದ್ರಾವಣ ಸರಿಯಾಗಿ ಹೋಗುವುದೂ ಇಲ್ಲ, ಹೋದರೂ ಜಾರಿಕೆ ಕೊಡುವುದಿಲ್ಲ. ಎರಡೂ ಬೇರೆ ಬೇರೆ ಸಾಮಾನು. ಗೊಂದಲಕ್ಕೆ ಅರ್ಧ ಕಾರಣ ಡಬ್ಬಿಗಳೇ. ಒಂದೇ ಡಬ್ಬಿಯ ಮೇಲೆ ರಸ್ಟ್ ರಿಮೂವರ್, ಲೂಬ್ರಿಕಂಟ್, ಕ್ಲೀನರ್ ಎಲ್ಲ ಒಟ್ಟಿಗೆ ಬರೆದಿರುತ್ತಾರೆ.

ಹೆಸರಿನಲ್ಲೇ ಕೆಲಸ ಇದೆ. ಲ್ಯಾಟಿನ್‌ನ ಪೆನೆಟ್ರಾರೆ ಅಂದರೆ ಒಳಕ್ಕೆ ಹೋಗುವುದು. ಅದೇ ಕುಟುಂಬದ ಪೆನಸ್ ಅನ್ನುವ ಪದಕ್ಕೆ ಮನೆಯ ಒಳಗಿನ ಉಗ್ರಾಣ ಎಂಬ ಅರ್ಥ ಇತ್ತು. ಲೂಬ್ರಿಕಂಟ್ ಬಂದದ್ದು ಲೂಬ್ರಿಕಸ್ ಎಂಬ ಪದದಿಂದ, ಅಂದರೆ ಜಾರುವಂಥದ್ದು. ಒಂದು ಒಳಗೆ ಹೋಗುವುದಕ್ಕೆ, ಇನ್ನೊಂದು ಜಾರಿಸುವುದಕ್ಕೆ. ಗ್ರೀಸ್ ಚೆನ್ನಾಗಿ ಜಾರಿಸುತ್ತದೆ, ಆದರೆ ಒಳಗೆ ಹೋಗುವುದಿಲ್ಲ. ಪೆಟ್ರೋಲ್ ಚೆನ್ನಾಗಿ ಒಳಗೆ ಹೋಗುತ್ತದೆ, ಆದರೆ ಆರಿಹೋಗುತ್ತದೆ, ಜಾರಿಕೆ ಉಳಿಸುವುದಿಲ್ಲ. ಈ ಎರಡೂ ಗುಣ ಒಂದೇ ಡಬ್ಬಿಯಲ್ಲಿ ಬೇಕು. ಅದಕ್ಕೇ ಈ ಎಣ್ಣೆಗಳಲ್ಲಿ ತೆಳುವಾದ, ಬೇಗ ಆರುವ ಸಾಲ್ವೆಂಟ್ (ದ್ರಾವಕ) ಒಂದಿಷ್ಟು, ಎಣ್ಣೆ ಒಂದಿಷ್ಟು ಇರುತ್ತದೆ. ಸಾಲ್ವೆಂಟ್ ದಾರಿ ಮಾಡಿಕೊಂಡು ಎಣ್ಣೆಯನ್ನು ಒಳಗೆ ಒಯ್ಯುತ್ತದೆ, ಆಮೇಲೆ ಆರುತ್ತದೆ, ಎಣ್ಣೆ ಅಲ್ಲೇ ಉಳಿಯುತ್ತದೆ.

ಒಳಗೆ ಆಗುವುದು ಇಷ್ಟು. ನಟ್ಟು ಬೋಲ್ಟಿನ ಥ್ರೆಡ್ ನಡುವೆ, ಪುಣೆಯ ವರ್ಕ್‌ಶಾಪಿನವರು ಆಟೆ ಅನ್ನುವ ಸುರುಳಿ ಗೆರೆಗಳ ನಡುವೆ, ಇರುವ ಸಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದ್ದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ, ಹಾಗಾಗಿ ಸಂದು ತುಂಬಿ ಬಿಗಿಯಾಗುತ್ತದೆ. ಆದರೆ ತುಕ್ಕು ಗಟ್ಟಿ ಲೋಹದ ಹಾಗಲ್ಲ, ಅದರ ತುಂಬ ಸಣ್ಣ ಸಣ್ಣ ತೂತು, ಬಿರುಕು. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಏರುವ ಹಾಗೆ ತೆಳು ಎಣ್ಣೆ ಈ ಬಿರುಕುಗಳಲ್ಲಿ ನುಸುಳುತ್ತದೆ. ತುಕ್ಕು ಅಲ್ಲೇ ಇರುತ್ತದೆ, ಒದ್ದೆಯಾಗಿ ಸಡಿಲ ಆಗುತ್ತದೆ ಅಷ್ಟೇ. ಉಳಿದದ್ದು ಸಮಯದ ಮತ್ತು ಕೈಯ ಕೆಲಸ.

ಈಗ ಡಬ್ಲ್ಯುಡಿ-40 ಎಂಬ ಸ್ಪ್ರೇ. ಎಲ್ಲ ಸ್ಪ್ರೇಗೂ "ಡಬ್ಲ್ಯುಡಿ" ಅನ್ನುವುದು ರೂಢಿ ಆಗಿಬಿಟ್ಟಿದೆ. ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರನ್ನು ದೂಡುವುದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ರಾಕೆಟ್ ಕೆಮಿಕಲ್ ಕಂಪನಿಯವರು ಅದನ್ನು ಮಾಡಿದರು. 40ನೇ ಪ್ರಯತ್ನದಲ್ಲಿ ಸೂತ್ರ ಕೂಡಿಬಂತು, ಅದಕ್ಕೇ 40. ಮೊದಲು ಅದು ಹೋದದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಲು. ಅಂದರೆ ಅದು ಹುಟ್ಟಿದ್ದು ತುಕ್ಕು ಬರದಂತೆ ತಡೆಯುವುದಕ್ಕೆ, ಹಿಡಿದ ತುಕ್ಕಿನಿಂದ ಬೋಲ್ಟು ಬಿಡಿಸುವುದಕ್ಕೆ ಅಲ್ಲ. ತೆಳುವಾಗಿರುವುದರಿಂದ ಸ್ವಲ್ಪ ನುಸುಳುತ್ತದೆ ನಿಜ. ಕಿಟಕಿಯ ಚಿಲಕ, ನಂಬರ್ ಪ್ಲೇಟಿನ ಸ್ಕ್ರೂ, ಒಂದೇ ಮಳೆಗಾಲ ಕಂಡ ಬೋಲ್ಟು, ಇವಕ್ಕೆ ಅದು ಸಾಕು. ವರ್ಷಗಟ್ಟಲೆ ಸಮುದ್ರದ ಗಾಳಿ ಕುಡಿದ ಸೈಲೆನ್ಸರ್ ಬೋಲ್ಟಿಗೆ ಸಾಲದು. ಅದೇ ಕಂಪನಿ ಪೆನೆಟ್ರಂಟ್ ಎಂಬ ಬೇರೆ ಡಬ್ಬಿಯನ್ನೇ ಮಾರುತ್ತದೆ. ಎರಡೂ ಒಂದೇ ಆಗಿದ್ದರೆ ಬೇರೆ ಡಬ್ಬಿ ಯಾಕೆ ಬೇಕಿತ್ತು?

ಗೋವಾದಲ್ಲಿ ಈ ವ್ಯತ್ಯಾಸ ಜಾಸ್ತಿ ಕಾಡುತ್ತದೆ. ಗಾಳಿಯಲ್ಲಿರುವ ಉಪ್ಪು ತೇವವನ್ನು ಎಳೆದುಕೊಂಡು ಕಬ್ಬಿಣದ ಮೇಲೇ ಕೂರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವ ಮಾತೇ ಇಲ್ಲ. ಬೈನಾ ಕಡೆ ಬೀಚಿನ ಹತ್ತಿರ ನಿಲ್ಲಿಸುವ ಸ್ಕೂಟರುಗಳ ಅಡಿಭಾಗ ನೋಡಿದರೆ ಗೊತ್ತಾಗುತ್ತದೆ.

ಆಯ್ಕೆಗೆ ಬರೋಣ. ಮಾಮೂಲಿ ತುಕ್ಕಿಗೆ ಡೀಸೆಲ್ ಅಥವಾ ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದರೂ ನಡೆಯುತ್ತದೆ, ಹಳೆಯ ಮೇಸ್ತ್ರಿಗಳು ಮಾಡುತ್ತಿದ್ದದ್ದು ಅದನ್ನೇ, ಮತ್ತು ಅದು ತಪ್ಪಲ್ಲ. ಬರೀ ಎಂಜಿನ್ ಆಯಿಲ್ ಬೇಡ, ದಪ್ಪ. ಅಡುಗೆ ಎಣ್ಣೆ ಅಂತೂ ಬೇಡವೇ ಬೇಡ. ಸೂರ್ಯಕಾಂತಿ, ಸೋಯಾ ಎಣ್ಣೆಗಳು ಗಾಳಿಗೆ ಅಂಟಾಗಿ ಗಟ್ಟಿಯಾಗುತ್ತವೆ, ಬಿಡಿಸಲು ಹಾಕಿದ್ದೇ ಹಿಡಿದುಕೊಳ್ಳುತ್ತದೆ. ಜೋರು ತುಕ್ಕಿಗೆ ಪೆನೆಟ್ರೇಟಿಂಗ್ ಎಂದು ಸ್ಪಷ್ಟವಾಗಿ ಬರೆದ ಡಬ್ಬಿಯನ್ನೇ ಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಫ್ರೀಜ್ ಸ್ಪ್ರೇ ಇದೆ. ಲಾಕ್‌ಟೈಟ್‌ನ ಫ್ರೀಜ್ ಅಂಡ್ ರಿಲೀಸ್ ಲೋಹವನ್ನು ಸುಮಾರು ಮೈನಸ್ 43 ಡಿಗ್ರಿಗೆ ಇಳಿಸುತ್ತದೆ. ಬೋಲ್ಟು ಕುಗ್ಗಿ ತುಕ್ಕಿನ ಪದರ ಒಡೆಯುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಆಸಿಟೋನ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಣ್ಣೆ) ಬೆರೆಸುವ ಉಪಾಯವನ್ನೂ ಬಹಳ ಜನ ಹೇಳುತ್ತಾರೆ. ನುಸುಳುವುದೇನೋ ಹೌದು, ಆದರೆ ಅವೆರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಬೇಕು. ಆಸಿಟೋನ್ ಮೈನಸ್ 20 ಡಿಗ್ರಿಯಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಅದು ಬೇಡ.

ಯಾವ ಎಣ್ಣೆ ಅನ್ನುವುದಕ್ಕಿಂತ ಹೇಗೆ ಹಾಕಿದಿರಿ ಅನ್ನುವುದು ದೊಡ್ಡದು. ಮೊದಲು ತಂತಿ ಬ್ರಷ್. ಹೊರಗೆ ಕಾಣುವ ಥ್ರೆಡ್ಡನ್ನು ಉಜ್ಜಿ ಲೋಹ ಕಾಣಿಸಬೇಕು, ಯಾಕೆಂದರೆ ನಟ್ಟು ಹೊರಗೆ ಬರುವುದು ಅದರ ಮೇಲೆಯೇ. ಎಣ್ಣೆ ಹಾಕಬೇಕಾದ್ದು ನಟ್ಟಿನ ಮೈಗೆ ಅಲ್ಲ, ನಟ್ಟು ಬೋಲ್ಟು ಸೇರುವ ಗೆರೆಗೆ. ಒಂದೆರಡು ಹನಿ ಬಿಟ್ಟು ಹತ್ತಿರದಿಂದ ನೋಡಿ: ಗೆರೆಯ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ, ಒಳಗಿನ ಗಾಳಿ ಹೊರಗೆ ಬರುತ್ತಿದೆ ಅಂತ. ಸ್ವಲ್ಪ ಹೊತ್ತಿಗೆ ಅಲ್ಲಿನ ಎಣ್ಣೆ ತಗ್ಗುತ್ತದೆ, ಮತ್ತೆ ಹನಿ ಬಿಡಿ. ನಟ್ಟಿನ ಇನ್ನೊಂದು ಬದಿಯಲ್ಲಿ, ವಾಷರಿನ ಅಂಚಿಗೆ ಕಂದು ಬಣ್ಣದ ಒದ್ದೆ ಉಂಗುರ ಕಾಣಿಸಿತು ಅಂದರೆ ಎಣ್ಣೆ ಇಡೀ ಥ್ರೆಡ್ ದಾಟಿ ಬಂದಿದೆ. ಅದು ಕಾಣುವ ತನಕ ಪಾನಾ ಮುಟ್ಟಬೇಡಿ. ಒಂದು ರಾತ್ರಿ ಬಿಟ್ಟರೆ ಇನ್ನೂ ಒಳ್ಳೆಯದು. ಬೋಲ್ಟು ಅಡ್ಡಡ್ಡ ಇದ್ದು ಎಣ್ಣೆ ನಿಲ್ಲದಿದ್ದರೆ ನೆನೆಸಿದ ಬಟ್ಟೆ ಸುತ್ತಿ ಕಟ್ಟಿ.

ನಡುನಡುವೆ ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಮಿತವಾಗಿ ಬಡಿಯಿರಿ, ಆ ಅದುರಿಗೆ ತುಕ್ಕು ಬಿರಿಯುತ್ತದೆ. ಆರು ಮೂಲೆಯನ್ನೂ ಹಿಡಿಯುವ ರಿಂಗ್ ಪಾನಾ ಹಾಕಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲ ಮಾಡಿ. ಕಟ್ ಅಂತ ಶಬ್ದ ಬಂದು ಬಿಟ್ಟರೆ ಒಳ್ಳೆಯದು. ಕಿರ್ ಅಂದರೆ ಹಿಂದಕ್ಕೆ ತಿರುಗಿಸಿ ಇನ್ನಷ್ಟು ಎಣ್ಣೆ. ಶಬ್ದವೇ ಇಲ್ಲದೆ ರಬ್ಬರಿನ ಹಾಗೆ ಮೆತ್ತಗೆ ತಿರುಗುತ್ತಿದ್ದರೆ ತಕ್ಷಣ ನಿಲ್ಲಿಸಿ, ತಿರುಗುತ್ತಿರುವುದು ನಟ್ಟಲ್ಲ, ಬೋಲ್ಟೇ ತಿರುಚಿಕೊಳ್ಳುತ್ತಿದೆ. 6 ಮಿಲಿಮೀಟರ್ ಬೋಲ್ಟಿನ ಮಾಮೂಲಿ ಬಿಗಿತ ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಒಂದು ಅಡಿ ಪಾನಾದ ತುದಿಯಲ್ಲಿ 10 ಕಿಲೋ ಭಾರದಷ್ಟು ಜಗ್ಗಿದರೆ ಅದರ ಮೂರು ಪಟ್ಟು ಆಯಿತು. ಪೈಪ್ ಸಿಕ್ಕಿಸಿ ಜಗ್ಗುವವರ ಬೋಲ್ಟು ತುಂಡಾಗುವುದು ಇದಕ್ಕೇ.

ಎಣ್ಣೆಯಿಂದ ಆಗದ ಜಾಗಗಳೂ ಇವೆ. ಬೋಲ್ಟು ಸಡಿಲ ಆಗದಿರಲಿ ಅಂತ ಹಚ್ಚುವ ಕೆಂಪು ಥ್ರೆಡ್‌ಲಾಕರ್ ಹಾಕಿದ ಬೋಲ್ಟು ತುಕ್ಕಿನಿಂದ ಹಿಡಿದದ್ದಲ್ಲ, ಅಂಟಿನಿಂದ ಹಿಡಿದದ್ದು. ಅದಕ್ಕೆ ಬಿಸಿ ಬೇಕು. ಸ್ಟೀಲ್ ನಟ್ಟು ಸ್ಟೀಲ್ ಬೋಲ್ಟಿಗೆ, ಅಂದರೆ ಸ್ಟೇನ್‌ಲೆಸ್ಸಿಗೆ ಸ್ಟೇನ್‌ಲೆಸ್ಸು, ಕಚ್ಚಿಕೊಂಡಿದ್ದರೆ ಲೋಹಕ್ಕೆ ಲೋಹವೇ ಬೆಸೆದುಕೊಂಡಿರುತ್ತದೆ. ಅಲ್ಲಿ ನುಸುಳಲು ಸಂದೇ ಇಲ್ಲ, ಕತ್ತರಿಸುವುದೇ ದಾರಿ. ಬಿಸಿ ಮಾಡುವುದಾದರೆ ನಟ್ಟನ್ನು ಬಿಸಿ ಮಾಡಿ, ಬೋಲ್ಟನ್ನಲ್ಲ: 12 ಮಿಲಿಮೀಟರ್ ನಟ್ಟು 200 ಡಿಗ್ರಿ ಏರಿದರೆ ಅದರ ತೂತು 0.03 ಮಿಲಿಮೀಟರ್‌ನಷ್ಟು ಅಗಲ ಆಗುತ್ತದೆ, ಬಿಗಿದ ಥ್ರೆಡ್ಡಿಗೆ ಅಷ್ಟೇ ಬೇಕಾದ್ದು. ಆದರೆ ಆಗತಾನೇ ಸ್ಪ್ರೇ ಹೊಡೆದ ಜಾಗಕ್ಕೆ ಬೆಂಕಿ ತರಬೇಡಿ. ಬ್ರೇಕ್ ಡಿಸ್ಕು, ಪ್ಯಾಡು, ರಬ್ಬರ್ ಬುಷ್ ಹತ್ತಿರ ಇದ್ದರೆ ಸ್ಪ್ರೇ ಬಿಟ್ಟು ಹನಿ ಹಾಕಿ. ಪ್ಯಾಡಿಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಬಿಚ್ಚಿದ ಮೇಲೆ ಮತ್ತೆ ಕೂರಿಸುವಾಗ ಥ್ರೆಡ್ಡಿಗೆ ಮತ್ತೆ ಜಾಮ್ ಆಗದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಹಚ್ಚಿ. ಸೈಲೆನ್ಸರಿನಂಥ ಬಿಸಿ ಜಾಗಕ್ಕೆ ತಾಮ್ರ ಅಥವಾ ನಿಕ್ಕಲ್ ಪೇಸ್ಟು, ಗೇಟು ಗ್ರಿಲ್ಲಿಗೆ ಸಾದಾ ಗ್ರೀಸ್ ಸಾಕು. ಹಚ್ಚಿದ ಥ್ರೆಡ್ ಸಲೀಸಾಗಿ ತಿರುಗುವುದರಿಂದ ಒಣ ಬೋಲ್ಟಿಗೆ ಹಾಕುವಷ್ಟು ಜೋರು ಹಾಕಬೇಡಿ, ಸ್ವಲ್ಪ ಕಡಿಮೆಯಲ್ಲೇ ಬೇಕಾದ ಬಿಗಿತ ಬಂದಿರುತ್ತದೆ.